ಸಾರಾಯಿ ನಿಂತ ಮೂರನೇ ದಿನ

ಇದನ್ನು ಬರೀಬೇಕು ಅಂದ್ಕೊಂಡು ವರ್ಷವೇ ಆಯ್ತು. ಮಾವನ ಒಪ್ಪಿಗೆ ಸಿಗದೆ ಡ್ರಾಫ್ಟಿನಲ್ಲೇ ಕೊಳೀತಾ ಇತ್ತು. ಮೊನ್ನೆ ಭಾನುವಾರ "ನನ್ನ ಹೆಸರೊಂದು ಹಾಕ್ಬೇಡ, ಮಿಕ್ಕಿದ್ದು ಏನಾದ್ರೂ ಬರ್ಕೊ ಹೋಗೋ" ಅಂದ. ಅದಕ್ಕೇ ಈ ಪೋಸ್ಟು.

2007ರ ಜುಲೈ 1, ಭಾನುವಾರ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದ ದಿನ. ಆಗ ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ನನಗೆ ಹತ್ತು ವರ್ಷ. ಹೆಗ್ಗನಹಳ್ಳಿಯ ನಮ್ಮ ವಠಾರದಲ್ಲಿ ಹೆಂಗಸರಿಗೆಲ್ಲ ಹಬ್ಬ. ಅಮ್ಮ ಪಾಯಸ ಮಾಡಿದ್ದಳು. ಯಾಕಂದ್ರೆ ಅಮ್ಮನ ತಮ್ಮ, ಅಂದರೆ ನನ್ನ ಮಾವ, ನಮ್ಮ ಜೊತೆಗೇ ಇದ್ದ. ಕುಣಿಗಲ್ ಕಡೆಯಿಂದ ಬಂದು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಕೆಲಸ ಮಾಡ್ತಿದ್ದ. ಶಿಫ್ಟ್ ಮುಗಿದ ಮೇಲೆ ಎರಡು ಪ್ಯಾಕೆಟ್, ಬೆಳಿಗ್ಗೆ ಕೈ ನಡುಕ ನಿಲ್ಲೋಕೆ ಇನ್ನೊಂದು. ಬ್ರಾಂದಿ ಅಂಗಡಿಗಳೇನೋ ತೆರೆದೇ ಇದ್ದವು, ಆದರೆ ಸಂಬಳ ಆಗೋದು 7ನೇ ತಾರೀಖು. ಮೇಲಾಗಿ ಅಮ್ಮನ ತಲೆ ಮುಟ್ಟಿ ಆಣೆ ಬೇರೆ ಮಾಡಿದ್ದ. ಶನಿವಾರ ರಾತ್ರಿಯದೇ ಕೊನೆಯ ಪ್ಯಾಕೆಟ್.

ಸೋಮವಾರ ಬೆಳಗಿನ ಜಾವ ಫಿಟ್ಸ್ ಬಂತು. ಕೈಗೆ ಬೀಗದ ಕೈ ಗೊಂಚಲು ಕೊಟ್ಟರು, ನೀರು ಚಿಮುಕಿಸಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಮಂಗಳವಾರ ರಾತ್ರಿ ಮಾವ ಗೋಡೆ ಮೇಲೆ ಇಲ್ಲದ ಜಿರಳೆ ಹೊಡೆಯೋಕೆ ಶುರು ಮಾಡಿದ. ಮೈಯೆಲ್ಲ ಬೆವರು. "ಮಿಷಿನ್ ಆಫ್ ಮಾಡ್ರೋ" ಅಂತ ಕೂಗು. ಕುಡಿಯೋಕೆ ಕಾಸು ಕೀಳೋ ನಾಟಕ ಅಂತ ಅಪ್ಪ ಕೈ ಎತ್ತಿದ್ದರು. ಪಕ್ಕದ ಮನೆ ಅಜ್ಜಿ ಗಾಳಿ ಸೋಕಿದೆ ಅಂತ ನಿಂಬೆಹಣ್ಣು ನಿವಾಳಿಸಿದರು. ಬುಧವಾರ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋದಾಗ ಡ್ಯೂಟಿ ಡಾಕ್ಟರು ಅಮ್ಮನಿಗೆ ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಕುಡಿದಿದ್ದು ಯಾವಾಗ?" ಎಷ್ಟು ಕುಡೀತಾನೆ ಅಂತ ಆಮೇಲೆ ಕೇಳಿದರಂತೆ.

ಈ ಪ್ರಶ್ನೆಗೆ ಒಂದು ಇತಿಹಾಸ ಇದೆ ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ, ಸುಮ್ನೆ ಹುಡುಕ್ತಾ ಕೂತಾಗ.

ಈ ನಡುಕ-ಕನವರಿಕೆಗೆ 'ಡೆಲಿರಿಯಂ ಟ್ರೆಮೆನ್ಸ್' ಎಂದು ಹೆಸರಿಟ್ಟವನು ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ, 1813ರಲ್ಲಿ. ಆದರೆ ಇದು ಬರೋದು ಹೆಚ್ಚು ಕುಡಿದಿದ್ದರಿಂದಲೋ, ಕುಡಿತ ನಿಲ್ಲಿಸಿದ್ದರಿಂದಲೋ? ನೂರಾ ನಲವತ್ತು ವರ್ಷ ಡಾಕ್ಟರುಗಳು ಇದರ ಮೇಲೇ ಜಗಳ ಆಡಿದ್ದಾರೆ! ಉತ್ತರ ಸಿಕ್ಕಿದ್ದು 1955ರಲ್ಲಿ, ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ. ಅಲ್ಲಿನ ಸರ್ಕಾರಿ ಚಟ-ಚಿಕಿತ್ಸಾ ಆಸ್ಪತ್ರೆ ಅರ್ಧ ಜೈಲು, ಅರ್ಧ ಆಸ್ಪತ್ರೆ. ಹ್ಯಾರಿಸ್ ಐಸ್‌ಬೆಲ್ ಮತ್ತು ಸಂಗಡಿಗರು ಹಿಂದೆ ಮಾರ್ಫಿನ್ ಚಟವಿದ್ದ ಹತ್ತು ಜನರಿಗೆ ದಿನವಿಡೀ ಮದ್ಯ ಕೊಟ್ಟರು, ಕೆಲವರಿಗೆ 87 ದಿನಗಳವರೆಗೆ. ಊಟ, ವಿಟಮಿನ್ ಎಲ್ಲ ಸರಿಯಾಗಿಯೇ ಕೊಟ್ಟು, ಆಮೇಲೆ ಮದ್ಯವನ್ನು ಒಮ್ಮೆಲೇ ನಿಲ್ಲಿಸಿದರು. ದೀರ್ಘಕಾಲ ಕುಡಿದಿದ್ದವರಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣೋದು, ಎಲ್ಲವೂ ಬಂತು. ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಇಂಥದ್ದಕ್ಕೆ ಒಪ್ಪಲ್ಲ. ಓದುವಾಗ ನನಗೂ ಹೊಟ್ಟೆ ತೊಳಸಿತು. ಆದರೆ ಗೊಂದಲ ಅಲ್ಲಿಗೆ ಬಗೆಹರಿಯಿತು. ಮದ್ಯ ಮಿದುಳನ್ನು ಒಂದೇ ಸಮ ಅದುಮಿಡುತ್ತೆ, ಮಿದುಳು ಅದಕ್ಕೆ ಎದುರಾಗಿ ತನ್ನ ಬಿಗಿ ಹೆಚ್ಚಿಸಿಕೊಳ್ಳುತ್ತೆ. ಕೈ ತೆಗೆದ ತಕ್ಷಣ ಸ್ಪ್ರಿಂಗ್ ಹಾರಿದ ಹಾಗೆ. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ, ಕನವರಿಕೆ ಎರಡು-ಮೂರನೇ ದಿನ. ಮಾವನ ಕ್ಯಾಲೆಂಡರ್ ಪುಸ್ತಕದಲ್ಲಿದ್ದ ಹಾಗೇ ಇತ್ತು. 1960ರಲ್ಲಿ ಲಿಬ್ರಿಯಂ ಮಾರುಕಟ್ಟೆಗೆ ಬಂದಮೇಲೆ ಆ ಬಿಗಿಯನ್ನು ಮೆಲ್ಲಗೆ ಇಳಿಸೋದು ಸಾಧ್ಯವಾಯಿತು. ಜೊತೆಗೆ ಥಯಮಿನ್ ಅನ್ನೋ ಬಿ1 ವಿಟಮಿನ್ ಇಂಜೆಕ್ಷನ್.

ಮಾವನನ್ನು ಆಮೇಲೆ ಕಳಿಸಿದ್ದು ನಿಮ್ಹಾನ್ಸಿಗೆ. ಅದರ ಬೇರು 1847ರಲ್ಲಿ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರು ಪೇಟೆಯ ಕಡೆ ಶುರು ಮಾಡಿದ ಹುಚ್ಚಾಸ್ಪತ್ರೆ. ಆ ಕಾಲದ ಭಾರತದ ಹುಚ್ಚಾಸ್ಪತ್ರೆಗಳ ರಿಜಿಸ್ಟರಿನಲ್ಲಿ 'ಕಾರಣ' ಅಂತ ಒಂದು ಕಾಲಂ ಇರ್ತಿತ್ತು. ಅಲ್ಲಿ ಗಾಂಜಾ ಅಂತ ಬರೆಯೋದು ವಾಡಿಕೆ. 1893-94ರ ಹೆಂಪ್ ಡ್ರಗ್ಸ್ ಕಮಿಷನ್ ಕೂತು ಪರಿಶೀಲಿಸಿದಾಗ, ಇದು ಬಹುಪಾಲು ಪೊಲೀಸರು ಊಹೆಯಿಂದ ತುಂಬಿಸಿದ್ದು, ನಂಬೋಕಾಗಲ್ಲ ಅಂದಿತು. (ಕಡ್ಡಾಯ ಫೀಲ್ಡ್ ಇಟ್ಟರೆ ಜನ ಏನಾದ್ರೂ ತುಂಬ್ತಾರೆ, ನಮ್ಮ ಕೆಲಸದಲ್ಲಿ ದಿನಾ ನೋಡ್ತೀವಲ್ಲ :) ) 1925ರಲ್ಲಿ ಅದು ಮೆಂಟಲ್ ಹಾಸ್ಪಿಟಲ್ ಆಯ್ತು, 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್. ವ್ಯಸನಕ್ಕೇ ಅಂತ ಪ್ರತ್ಯೇಕ ವಿಭಾಗ ಬಂದಿದ್ದು 1991ರಲ್ಲಿ. ಈ ಒಂದೂವರೆ ಶತಮಾನದ ಮಧ್ಯೆ ಎಷ್ಟು ಮನೆಗಳಲ್ಲಿ ನಿಂಬೆಹಣ್ಣು ನಿವಾಳಿಸಿರಬೇಕೋ.

ಮಾವ ಅಲ್ಲಿಂದ ಬಂದು ಮೂರು ತಿಂಗಳು ಚೆನ್ನಾಗಿದ್ದ. ಆಯುಧಪೂಜೆ ದಿನ ಶೆಡ್ಡಿನಲ್ಲಿ ಕುಂಬಳಕಾಯಿ ಒಡೆದ ಮೇಲೆ ಪಾರ್ಟಿ. ಮತ್ತೆ ಶುರು. ಈ ಸಲ ಬ್ರಾಂದಿ, ಪ್ಯಾಕೆಟ್ಟಿಗಿಂತ ದುಬಾರಿ. ಅಮ್ಮ ಲೈಟ್ ಕಂಬದ ಚೀಟಿ ನೋಡಿ 'ಗೊತ್ತಾಗದಂತೆ ಕುಡಿತ ಬಿಡಿಸುವ' ಪುಡಿ ತಂದಿದ್ದಳು, ಸಾರಿಗೆ ಬೆರೆಸೋಕೆ. ಅಂಥ ಪುಡಿಗಳಲ್ಲಿ ಡೈಸಲ್ಫಿರಾಂ ಇದ್ದರೆ ದೇವರೇ ಗತಿ. ರಬ್ಬರ್ ಕಾರ್ಖಾನೆಯ ಆ ರಾಸಾಯನಿಕವನ್ನು ಡೆನ್ಮಾರ್ಕಿನ ಹಾಲ್ಡ್, ಜೇಕಬ್ಸನ್ ಎಂಬಿಬ್ಬರು ಹೊಟ್ಟೆಹುಳಕ್ಕೆ ಮದ್ದಾಗಬಹುದೇ ಅಂತ ತಾವೇ ನುಂಗಿ, ಆಮೇಲೆ ಕುಡಿದು ಒದ್ದಾಡಿದ್ದರಿಂದ 1948ರಲ್ಲಿ ಮದ್ಯದ ಮಾತ್ರೆಯಾಗಿದ್ದು. ಇದರ ಮೇಲೆ ಕುಡಿದರೆ ಬಿಪಿ ಕುಸಿದು ಪ್ರಾಣವೇ ಹೋಗಬಹುದು. ರೋಗಿಗೆ ಹೇಳದೆ ಕೊಡಲೇಬಾರದು. ಅಮ್ಮ ಪುಡಿಯನ್ನು ಮೋರಿಗೆ ಸುರಿದಳು.

ಕೊನೆಗೆ ಊರಿನ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಎಂಟು ದಿನ. ರಾಜ್ಯದಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ನಡೆದಿವೆ. ಭಜನೆ, ವ್ಯಾಯಾಮ ನೋಡಿ ನಾನು ಮೂಗು ಮುರೀತಿದ್ದೆ. ಮಾವ ಹೇಳೋದೇ ಬೇರೆ. ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿ ಮುಖ್ಯ ಅಂತಾನೆ. ಬಿಟ್ಟವರೆಲ್ಲ ಮತ್ತೆ ಮತ್ತೆ ಸೇರಿ ಕೂರೋದು, ಬರದವನ ಮನೆಗೆ ಹುಡುಕಿಕೊಂಡು ಹೋಗೋದು. ನಿಮ್ಹಾನ್ಸಿನ ಫಾಲೋಅಪ್ ಪುಸ್ತಕವನ್ನೂ ಅವನು ಬಿಟ್ಟಿಲ್ಲ, ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿದೆ. 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತಾಗ ಅವನು ಆ ದಿನದ ಪೇಪರನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದುದು ನನಗೆ ನೆನಪಿದೆ.

ಮೊನ್ನೆ ಅವನಿಗೆ ಲೆಕ್ಸಿಂಗ್ಟನ್ ಕಥೆ ಹೇಳಿದೆ. ಪೂರ್ತಿ ಕೇಳಿ, ಟೀ ಲೋಟ ಕೆಳಗಿಟ್ಟು, "ಆ ಹತ್ತು ಜನಾನ ಆಮೇಲೆ ಯಾರಾದ್ರೂ ಹೋಗಿ ನೋಡಿದ್ರೇನೋ?" ಅಂದ.