ದೋಣಿಯ ಅಡಿಯ ಕಿವಿ

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಕ್ಲೈಡ್ ಕೊಲ್ಲಿಯಲ್ಲಿ ಹೆರಿಂಗ್ ಮೀನು ಹಿಡಿಯುತ್ತಿದ್ದವರು 1930ರ ದಶಕದಲ್ಲಿ ಪಿಯಾನೊ ತಂತಿಯ ತುದಿಗೆ ಸೀಸದ ಗುಂಡು ಕಟ್ಟಿ ಕಡಲಿಗೆ ಇಳಿಬಿಡುತ್ತಿದ್ದರು. ದೋಣಿ ನಿಧಾನಕ್ಕೆ ಸಾಗುವಾಗ ತಂತಿ ಹಿಡಿದವನ ಬೆರಳಿಗೆ ಮೀನು ತಾಗಿದ್ದು ಗೊತ್ತಾಗುತ್ತಿತ್ತು. ಅಲ್ಲೊಂದು ಇಲ್ಲೊಂದು ಪೆಟ್ಟಾದರೆ ಬಿಡಿ ಮೀನು. ಎಡೆಬಿಡದೆ ಬಡಿದರೆ ಬಲೆ ಬೀಸುವ ಹೊತ್ತು.

ಅದಕ್ಕೂ ಮೊದಲು ನಂಬಿಕೆಯೆಲ್ಲ ಕಣ್ಣಿನ ಮೇಲೆ. ನೀರಿಗೆ ಎರಗುವ ಹಕ್ಕಿಗಳು, ಕತ್ತಲ ರಾತ್ರಿಯಲ್ಲಿ ಹಿಂಡು ಹೊರಳಿದಾಗ ಕಡಲಲ್ಲಿ ಏಳುವ ಬೆಳಕು. ಇವು ನಮ್ಮ ಕರಾವಳಿಯವರಿಗೂ ಹೊಸತಲ್ಲ. ದಡದಿಂದ ಎಳೆಯುವ ರಂಪಣಿ ಬಲೆಯವರು ನೀರಿನ ಬಣ್ಣ ನೋಡಿಯೇ ಬೂತಾಯಿ, ಬಂಗಡೆಯ ಹಿಂಡನ್ನು ಗುರುತಿಸುತ್ತಿದ್ದರು. ಆದರೆ ಕಣ್ಣು ಮೇಲ್ನೀರಿನಿಂದ ಕೆಳಗೆ ಇಳಿಯದು. ತಂತಿ ಇಳಿದರೂ ತಾನು ಹಾದ ಜಾಗದ ಸುದ್ದಿಯನ್ನಷ್ಟೇ ತಂದೀತು.

ಶಬ್ದವನ್ನು ಕೆಳಗಿಳಿಸುವ ಯೋಚನೆ ಮೀನಿಗಾಗಿ ಹುಟ್ಟಿದ್ದಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಿಮಗಡ್ಡೆಯನ್ನು ದೂರದಿಂದಲೇ ಪತ್ತೆಮಾಡುವ ದಾರಿಯನ್ನು ಹಲವರು ಹುಡುಕಿದರು. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಭಯ ಆ ಹುಡುಕಾಟಕ್ಕೆ ವೇಗ ಕೊಟ್ಟಿತು. ಫ್ರಾನ್ಸಿನ ಪಾಲ್ ಲಾಂಜೆವಿನ್ ಸ್ಫಟಿಕದ ಬಿಲ್ಲೆಗಳನ್ನು ಉಕ್ಕಿನ ತಟ್ಟೆಗಳ ನಡುವೆ ಕೂರಿಸಿ, ವಿದ್ಯುತ್ತಿನಿಂದ ಅವನ್ನು ಕಂಪಿಸುವಂತೆ ಮಾಡಿದ. ವಿದ್ಯುತ್ತನ್ನು ಶಬ್ದವಾಗಿಸಿ ಕಳಿಸುವುದು, ಮರಳಿದ ಶಬ್ದವನ್ನು ಮತ್ತೆ ವಿದ್ಯುತ್ತಾಗಿಸುವುದು: ಇಂದು ಮೀನುಗಾರರು ಟ್ರಾನ್ಸ್‌ಡ್ಯೂಸರ್ ಎನ್ನುವ ವಸ್ತುವಿನ ಕೆಲಸ ಇಷ್ಟೇ. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 30 ಮೀಟರ್ ಆಳದ ತಳ ಮುಟ್ಟಿ ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ.

ಹಡಗುಗಳವರು ಇದನ್ನು ಎಕೋ ಸೌಂಡರ್ ಎಂಬ ಯಂತ್ರವಾಗಿಸಿ ಆಳ ಅಳೆಯಲು ಇಟ್ಟುಕೊಂಡರು. ಯಂತ್ರದಲ್ಲಿ ತಳಕ್ಕಿಂತ ಮೇಲೆ ಕಾಣುವ ಗುರುತುಗಳಿಗೆ ಬೆಲೆ ಕೊಟ್ಟವರು ಮೀನುಗಾರರು. ಉತ್ತರ ಸಮುದ್ರದಲ್ಲಿ ಹೆರಿಂಗ್ ದೋಣಿ ನಡೆಸುತ್ತಿದ್ದ ರೊನಾಲ್ಡ್ ಬಾಲ್ಸ್ ಎಂಬ ಇಂಗ್ಲಿಷ್ ನಾಯಕ 1933ರಿಂದ ತನ್ನ ದೋಣಿಯಲ್ಲಿ ಎಕೋ ಸೌಂಡರ್ ಇಟ್ಟುಕೊಂಡು, ಯಾವ ಗುರುತಿನ ಮೇಲೆ ಬಲೆ ಬಿಟ್ಟಾಗ ಎಷ್ಟು ಮೀನು ಬಂತು ಎಂದು ವರ್ಷಗಟ್ಟಲೆ ಗಮನಿಸಿದ. ಆ ಅನುಭವವನ್ನು ಮುಂದೆ ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದ. ನಾರ್ವೆಯ ಆಸ್ಕರ್ ಸುಂಡ್ 1935ರಲ್ಲಿ ಲೊಫೊಟೆನ್ ಬಳಿ ಕಾಡ್ ಮೀನು ನೀರಿನ ನಡುವೆ ತೆಳುವಾದ ಪದರವಾಗಿ ನಿಲ್ಲುವುದನ್ನು ಯಂತ್ರದ ಕಾಗದದ ಮೇಲೆ ಕಂಡು ‘ನೇಚರ್’ನಲ್ಲಿ ಪ್ರಕಟಿಸಿದ. ಇವರಿಬ್ಬರಲ್ಲಿ ಬಾಲ್ಸ್‌ಗೆ ಹೆಚ್ಚಿನ ಗೌರವ ಸಲ್ಲಬೇಕು. ತಪ್ಪಾಗಿ ಓದಿದ ಗುರುತಿಗೆಲ್ಲ ಅವನು ಖಾಲಿ ಬಲೆಯ ಬೆಲೆ ತೆರಬೇಕಿತ್ತು.

ಮೀನಿನ ಮೈಯಲ್ಲಿ ಬಹುಪಾಲು ನೀರೇ ಇರುವಾಗ ಶಬ್ದ ಯಾವುದಕ್ಕೆ ತಾಗಿ ಮರಳುತ್ತದೆ? ಮುಖ್ಯವಾಗಿ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ. ನೀರು ಮುಗಿದು ಗಾಳಿ ಸಿಕ್ಕಲ್ಲಿ ಶಬ್ದ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ಗಾಳಿಚೀಲವಿಲ್ಲದ ಅಟ್ಲಾಂಟಿಕ್ ಮ್ಯಾಕರೆಲ್‌ನಂಥ ಮೀನು ಅದೇ ಕಾರಣಕ್ಕೆ ಯಂತ್ರಕ್ಕೆ ಮಸುಕಾಗಿ ಕಾಣುತ್ತದೆ.

ಜಪಾನಿನ ಕಥೆ ಶುರುವಾಗುವುದೂ ಗಾಳಿಯಿಂದಲೇ. ನಾಗಸಾಕಿ ಪ್ರಾಂತದ ಕುಚಿನೊತ್ಸು ಎಂಬ ಬಂದರು ಊರಿನಲ್ಲಿ ಫುರುನೊ ಕಿಯೊಟಾಕ ರೇಡಿಯೊ ರಿಪೇರಿಯ ಅಂಗಡಿ ಇಟ್ಟಿದ್ದ. ದೋಣಿಗಳ ವಿದ್ಯುತ್ ಕೆಲಸವನ್ನೂ ಮಾಡುತ್ತಿದ್ದ. ಗುಳ್ಳೆ ಏಳುವ ಕಡೆ ಮೀನಿರುತ್ತದೆ ಎಂದು ದೋಣಿಯವರೊಬ್ಬರು ಹೇಳಿದ್ದು ಅವನ ತಲೆಯಲ್ಲಿ ಉಳಿಯಿತು. ಯುದ್ಧ ಮುಗಿದ ಮೇಲೆ ನೌಕಾಪಡೆಯಲ್ಲಿ ಉಳಿದಿದ್ದ ಆಳ ಅಳೆಯುವ ಯಂತ್ರಗಳನ್ನು ತಂದು ಅವನೂ ಅವನ ತಮ್ಮನೂ ಬಿಚ್ಚಿ ಕಟ್ಟಿದರು. 1948ರಲ್ಲಿ ಮೀನು ಹುಡುಕುವ ಯಂತ್ರ ಮಾರಾಟಕ್ಕೆ ಬಂತು. ಮೀನುಗಾರರು ಸುಲಭಕ್ಕೆ ಒಪ್ಪಲಿಲ್ಲ, ಅದರಲ್ಲಿ ತಪ್ಪೂ ಇಲ್ಲ: ಕಾಗದದ ಮೇಲಿನ ಕಪ್ಪು ಮಚ್ಚೆ ಮೀನೋ, ಬಂಡೆಯೋ, ಅಂಬಲಿ ಮೀನೋ ಎಂದು ತಿಳಿಯಲು ಅಭ್ಯಾಸ ಬೇಕಿತ್ತು. ಕೊನೆಗೆ ಯಂತ್ರ ಮಾಡಿದವರೇ ಗೊಟೊ ದ್ವೀಪಗಳ ದೋಣಿ ಹತ್ತಿ, ಮೀನುಗಾರರ ಪಕ್ಕದಲ್ಲಿ ಕೂತು ಅದನ್ನು ಓದಿ ತೋರಿಸಬೇಕಾಯಿತು.

ಹೀಗೆ ಮೀನನ್ನು ತೋರಿಸಿಕೊಡುವ ಗಾಳಿಯೇ ದೋಣಿಯ ಅಡಿ ಸೇರಿದರೆ ಯಂತ್ರ ಕುರುಡಾಗುತ್ತದೆ. ದೋಣಿಯ ಮೂತಿ ನೀರನ್ನು ಸೀಳುವಾಗ ಗುಳ್ಳೆಗಳು ತಳದ ಹಲಗೆಗೆ ಅಂಟಿಕೊಂಡು ಹಿಂದಕ್ಕೆ ಹರಿಯುತ್ತವೆ. ಹಿಂಬದಿಯಲ್ಲಿ ಪ್ರೊಪೆಲರ್ ಮತ್ತಷ್ಟು ಗುಳ್ಳೆ ಎಬ್ಬಿಸುತ್ತದೆ. ಟ್ರಾನ್ಸ್‌ಡ್ಯೂಸರ್ ಕೂರಿಸಲು ಇವೆರಡರ ನಡುವೆ ಶಾಂತವಾದ ನೀರು ಎಲ್ಲಿ ಸಿಗುತ್ತದೆ ಎಂಬುದೇ ಈ ಕಸುಬಿನ ನಿಜವಾದ ಪ್ರಶ್ನೆಯಾಯಿತು. ನಿಧಾನಗತಿಯ ದೊಡ್ಡ ಬೋಟಿಗೆ ಮುಂಭಾಗದಿಂದ ಮೂರನೇ ಒಂದರಿಂದ ಅರ್ಧದವರೆಗಿನ ಜಾಗ ಒಳ್ಳೆಯದು ಎಂಬ ಲೆಕ್ಕ ಬಳಕೆಗೆ ಬಂತು. ವೇಗದ ದೋಣಿ ಮೂತಿ ಎತ್ತಿ ಓಡುತ್ತದೆ. ಅದರಲ್ಲಿ ಸದಾ ನೀರಿನಲ್ಲೇ ಇರುವ ಹಿಂಭಾಗಕ್ಕೆ ಹೋಗಬೇಕು. ತಳ ಇಳಿಜಾರಾಗಿದ್ದರೆ ಟ್ರಾನ್ಸ್‌ಡ್ಯೂಸರ್ ನೇರ ಕೆಳಗೆ ನೋಡುವಂತೆ ಅದೇ ಇಳಿಜಾರಿಗೆ ಕೆತ್ತಿದ ಮರದ ತುಂಡನ್ನು ಕೊಡಬೇಕು. ಪುಸ್ತಕದ ಲೆಕ್ಕ ಎಲ್ಲ ದೋಣಿಗೂ ಹೊಂದುವುದಿಲ್ಲ. ನೀರು ತನ್ನ ದೋಣಿಯ ಅಡಿಯಲ್ಲಿ ಹೇಗೆ ಹರಿಯುತ್ತದೆ ಎಂದು ಬಲ್ಲ ಬಡಗಿಯ, ನಾಯಕನ ಮಾತು ಇಲ್ಲಿ ಎಂಜಿನಿಯರನ ನಕ್ಷೆಯಷ್ಟೇ ತೂಕದ್ದು.

ಶಬ್ದದ ಆವರ್ತನದ ಆಯ್ಕೆಯೂ ಹಾಗೆಯೇ. 50 ಕಿಲೋಹರ್ಟ್ಸ್ ಶಬ್ದ ಆಳಕ್ಕೆ ಇಳಿಯುತ್ತದೆ, ಅಗಲವಾಗಿ ಹರಡುತ್ತದೆ. 200 ಕಿಲೋಹರ್ಟ್ಸ್ ಬೇಗ ಸೊರಗುತ್ತದೆ, ಆದರೆ ಹತ್ತಿರ ಹತ್ತಿರ ಇರುವ ಮೀನುಗಳನ್ನು ಬಿಡಿಸಿ ತೋರಿಸುತ್ತದೆ. ಶಬ್ದದ ಹರವು 12 ಡಿಗ್ರಿ ಇದ್ದರೆ 30 ಮೀಟರ್ ಆಳದಲ್ಲಿ ಕಾಣುವುದು ಆರು ಮೀಟರ್ ಚಿಲ್ಲರೆ ಅಗಲದ ವೃತ್ತ; 45 ಡಿಗ್ರಿಯಾದರೆ ಸುಮಾರು 25 ಮೀಟರ್.

ಇನ್ನು ನಮ್ಮ ಕರಾವಳಿ. ಮೀನುಗಾರಿಕೆಯನ್ನು ಯಾಂತ್ರೀಕರಿಸಲು ಹೊರಟ ಇಂಡೋ-ನಾರ್ವೇಜಿಯನ್ ಯೋಜನೆ 1953ರಲ್ಲಿ ಕೇರಳದ ನೀಂಡಕರದಲ್ಲಿ ಕೆಲಸ ಆರಂಭಿಸಿ, 1960ರ ದಶಕದಲ್ಲಿ ಕಾರವಾರಕ್ಕೂ ಬಂತು. 1970ರ ದಶಕದ ನಡುವೆ ಮಂಗಳೂರು ಕಡೆ, ಹಿಂಡನ್ನು ಸುತ್ತುವರಿಯುವ ಬಲೆಯ ಪರ್ಸೀನ್ ಬೋಟುಗಳು ಇಳಿದವು. ರಂಪಣಿ ಹಿಂದೆ ಸರಿಯಿತು. ದಡದ ಬಲೆಗೆ ಕೈಹಾಕಿ ಬದುಕುತ್ತಿದ್ದವರಿಗೆ ಆದ ನಷ್ಟವನ್ನು ಬಿಟ್ಟು ಈ ಬದಲಾವಣೆಯ ಚರಿತ್ರೆ ಬರೆಯುವುದು ಅನ್ಯಾಯ. ಹಿಂಡು ದಡಕ್ಕೆ ಬರುವವರೆಗೆ ಕಾಯುತ್ತಿದ್ದ ಕಸುಬು, ಹಿಂಡನ್ನು ಹುಡುಕಿ ಹೋಗುವ ಕಸುಬಿಗೆ ದಾರಿ ಬಿಟ್ಟಿತು.

ಆಮೇಲೆ ಮರದ ಬೋಟುಗಳ ನಡುವೆ ಉಕ್ಕಿನವೂ ಫೈಬರಿನವೂ ಹೆಚ್ಚಿದವು; ಟ್ರಾನ್ಸ್‌ಡ್ಯೂಸರ್ ಕೂರಿಸುವ ಕ್ರಮವೂ ಬದಲಾಯಿತು. ಮರ ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ ಕವಚ ಆ ಒತ್ತಡಕ್ಕೆ ಸೀಳಬಹುದು; ಅಲ್ಲಿಗೆ ಕಂಚು ಬೇಕು. ಅದೇ ಕಂಚು ಉಕ್ಕಿನ ತಳಕ್ಕೆ ನೇರ ತಾಗಿದರೆ ಉಪ್ಪುನೀರಿನಲ್ಲಿ ಉಕ್ಕು ಸವೆಯುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟು ದಡಕ್ಕೆ ಏರಿರುವ ಆ ಬಿಡುವಿನಲ್ಲೇ ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಅಂಟಿದ ಚಿಪ್ಪು, ಪಾಚಿ ತೆಗೆಯಬೇಕು. ಗೀರು ಬೀಳದ ಹಾಗೆ ಮೆತ್ತಗೆ ಒರೆಸಬೇಕು. ತಳಕ್ಕೆ ಬಳಿಯುವ ಬಣ್ಣದ ದಪ್ಪ ಪದರ ಅದರ ಮೇಲೆ ಕೂರಬಾರದು.