ಒಣ ಹಾಪ್ಸ್ ಸುಮ್ಮನಿರುವುದಿಲ್ಲ: ಮನೆಯ ಬಿಯರ್ ತಯಾರಿಕೆಯಲ್ಲಿ ಡ್ರೈ ಹಾಪಿಂಗ್

ಕುದಿಯುವಾಗ ಹಾಕಿದ ಹಾಪ್ಸ್ ಬಿಯರಿಗೆ ಕಹಿ ಕೊಡುತ್ತದೆ. ಹುದುಗುವಿಕೆ ಬಹುಪಾಲು ಮುಗಿದ ಮೇಲೆ ತಣ್ಣನೆಯ ಬಿಯರಿಗೆ ಹಾಕಿದ್ದು ಪರಿಮಳ ಕೊಡುತ್ತದೆ. ಎರಡನೆಯದೇ ಡ್ರೈ ಹಾಪಿಂಗ್. ಮನೆಯಲ್ಲಿ ಬಿಯರ್ ತಯಾರಿಸುವವರ ಕೈಪಿಡಿಗಳು ಬಹುಕಾಲ ಇದನ್ನು ತೀರಾ ಸರಳವಾಗಿ ಹೇಳಿಕೊಂಡು ಬಂದವು: ಹಾಪ್ಸ್ ಹಾಕಿ, ಒಂದೆರಡು ವಾರ ಬಿಡಿ, ಬಾಟಲಿಗೆ ತುಂಬಿ. ಒಣ ಹಾಪ್ಸ್ ತನ್ನ ವಾಸನೆಯನ್ನು ಬಿಟ್ಟುಕೊಟ್ಟು ತೆಪ್ಪಗಿರುತ್ತದೆ ಎಂಬ ನಂಬಿಕೆ ಈ ಸೂಚನೆಯ ಹಿಂದಿದೆ. ಆ ನಂಬಿಕೆ ತಪ್ಪೆಂದು 1893ರಲ್ಲೇ ತೋರಿಸಲಾಗಿತ್ತು. ಆ ಹಳೆಯ ಸಂಶೋಧನೆಯನ್ನೂ ಇತ್ತೀಚಿನ ಪ್ರಯೋಗಗಳನ್ನೂ ಜೊತೆಗಿಟ್ಟು ನೋಡಿದರೆ, ಮನೆಯ ತಯಾರಕರ ರೂಢಿ ಎಲ್ಲಿ ಬದಲಾಗಬೇಕು ಎಂಬುದು ಸ್ಪಷ್ಟವಾಗುತ್ತದೆ.

ಹಾಪ್ಸ್, ಅಂದರೆ ಹ್ಯೂಮ್ಯುಲಸ್ ಲ್ಯೂಪ್ಯುಲಸ್, ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ ಬಳ್ಳಿ. ಹೆಣ್ಣು ಬಳ್ಳಿಯ ಹೂಗೊಂಚಲನ್ನು ಉದ್ದಕ್ಕೆ ಸೀಳಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ. ಬೆರಳುಗಳ ನಡುವೆ ತಿಕ್ಕಿದರೆ ಅದು ಜಿಗುಟಾಗಿ ಅಂಟಿಕೊಂಡು, ತಳಿಗೆ ತಕ್ಕಂತೆ ಕಿತ್ತಳೆ ಸಿಪ್ಪೆಯ, ಹೂವಿನ ಅಥವಾ ದೇವದಾರು ಅಂಟಿನ ವಾಸನೆ ಬಿಡುತ್ತದೆ. ಲ್ಯುಪುಲಿನ್ ಎಂಬ ಈ ಪುಡಿಯಲ್ಲಿರುವ ಆಲ್ಫಾ ಆಮ್ಲಗಳು ಕುದಿತದಲ್ಲಿ ರೂಪ ಬದಲಿಸಿ ಕಹಿಯಾಗುತ್ತವೆ. ಅದೇ ಪುಡಿಯ ಮರ್ಸೀನ್, ಲಿನಲೂಲ್, ಜೆರಾನಿಯಾಲ್ ಮುಂತಾದ ತೈಲಾಂಶಗಳಲ್ಲಿ ಹೆಚ್ಚಿನವು ಹಬೆಯ ಜೊತೆ ಹಾರಿಹೋಗುತ್ತವೆ. ಅವುಗಳನ್ನು ಬಿಯರಿನಲ್ಲಿ ಉಳಿಸಿಕೊಳ್ಳಲು ಕಂಡುಕೊಂಡ ದಾರಿಯೇ ಡ್ರೈ ಹಾಪಿಂಗ್.

ಇದು ಹೊಸದೇನಲ್ಲ. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಪೇಲ್ ಏಲ್‌ಗಳ ಪೀಪಾಯಿಗಳಿಗೆ ಒಣ ಹಾಪ್ಸ್ ಹಾಕುವುದು ವಾಡಿಕೆಯಾಗಿತ್ತು. ಇಂಡಿಯಾ ಪೇಲ್ ಏಲ್ ಎಂಬ ಹೆಸರು ಆ ವ್ಯಾಪಾರದಿಂದಲೇ ಹುಟ್ಟಿತು. ಅಮೆರಿಕದಲ್ಲಿ ಈ ಪದ್ಧತಿಗೆ ಮರುಜೀವ ಬಂದದ್ದು 1970ರ ದಶಕದಲ್ಲಿ. ಒರೆಗಾನ್‌ನಲ್ಲಿ ಬೆಳೆಸಿದ ಕ್ಯಾಸ್ಕೇಡ್ ತಳಿ 1972ರಲ್ಲಿ ಬಿಡುಗಡೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ 1975ರಲ್ಲಿ ಅದನ್ನೇ ಬಳಸಿ ಲಿಬರ್ಟಿ ಏಲ್ ತಯಾರಿಸಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ಸ್ವಂತ ಬಳಕೆಗೆ ಮನೆಯಲ್ಲಿ ತಯಾರಿಸುವ ಬಿಯರಿಗೆ ಫೆಡರಲ್ ತೆರಿಗೆಯಿಂದ ವಿನಾಯಿತಿ ನೀಡಿತು.

ಎಷ್ಟು ಹಾಕಬೇಕು, ಎಷ್ಟು ಹೊತ್ತು ಬಿಡಬೇಕು? ಎರಡಕ್ಕೂ ಒಳ್ಳೆಯ ಉತ್ತರ ಬಂದದ್ದು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಿಂದ. ಬಿಯರನ್ನು ಕಲಕುತ್ತಿದ್ದರೆ ಪೆಲೆಟ್ ಹಾಪ್ಸಿನ, ಅಂದರೆ ಪುಡಿಮಾಡಿ ಗುಳಿಗೆಯಾಗಿ ಒತ್ತಿದ ಹಾಪ್ಸಿನ, ಮುಖ್ಯ ಪರಿಮಳಾಂಶಗಳು ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತವೆ ಎಂದು ಪೀಟರ್ ವುಲ್ಫ್ ಅವರ 2012ರ ಅಧ್ಯಯನ ತೋರಿಸಿತು. ಸ್ಕಾಟ್ ಲಾಫಾಂಟೇನ್ ಮತ್ತು ಥಾಮಸ್ ಶೆಲ್‌ಹ್ಯಾಮರ್ ಅವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯಾಸ್ಕೇಡ್ ಪ್ರಮಾಣವನ್ನು ಲೀಟರಿಗೆ 2 ಗ್ರಾಮಿನಿಂದ 16 ಗ್ರಾಮಿನವರೆಗೆ ಏರಿಸುತ್ತ ಹೋದರು. ಸುಮಾರು 8 ಗ್ರಾಮ್ ದಾಟಿದ ಮೇಲೆ ನಿಂಬೆ-ಕಿತ್ತಳೆಯ ಗುಣ ಅದೇ ಲೆಕ್ಕದಲ್ಲಿ ಹೆಚ್ಚಲಿಲ್ಲ. ಚಹಾದಂಥ, ಸೊಪ್ಪಿನಂಥ ವಾಸನೆ ಮುಂದೆ ಬಂತು. 19 ಲೀಟರಿನ ಮನೆಯ ಪಾತ್ರೆಗೆ ಇದನ್ನು ಅನ್ವಯಿಸಿದರೆ ಸುಮಾರು 150 ಗ್ರಾಮ್ ಸಾಕು. ತಳಿ ಬದಲಾದರೆ ಅಂಕಿಯೂ ಸ್ವಲ್ಪ ಬದಲಾದೀತು. ಆದರೂ ಅದಕ್ಕಿಂತ ದುಪ್ಪಟ್ಟು ಸುರಿಯುವುದು ದುಡ್ಡಿಗೂ ದಂಡ, ರುಚಿಗೂ ದಂಡ. ಎರಡು ವಾರ ಬಿಡುವುದಕ್ಕೂ ಆಧಾರವಿಲ್ಲ; ಪರಿಮಳಕ್ಕೆ ಎರಡು ಮೂರು ದಿನ ಧಾರಾಳವಾಯಿತು.

ಇನ್ನು 1893ರ ವಿಚಾರ. ಪೀಪಾಯಿಗೆ ಒಣ ಹಾಪ್ಸ್ ಹಾಕಿದ ಮೇಲೆ ಶಾಂತವಾಗಿದ್ದ ಬಿಯರ್ ಮತ್ತೆ ಹುದುಗುವುದನ್ನು ಇಂಗ್ಲೆಂಡಿನ ತಯಾರಕರು ಗಮನಿಸಿದ್ದರು. ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ ಅವರು ಇದರ ಕಾರಣ ಹುಡುಕಿ, ಪಿಷ್ಟವನ್ನು ಒಡೆಯುವ ಕಿಣ್ವ ಹಾಪ್ಸಿನಲ್ಲೇ ಇದೆ ಎಂದು ತೋರಿಸಿದರು. ಬಿಯರಿನಲ್ಲಿ ಯೀಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್ಟ್ರಿನ್‌ಗಳು ಉಳಿದಿರುತ್ತವೆ. ಹಾಪ್ಸಿನ ಕಿಣ್ವ ಅವನ್ನು ತುಂಡರಿಸಿ ಸಕ್ಕರೆಯಾಗಿಸುತ್ತದೆ, ಯೀಸ್ಟ್ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಕುದಿಸಿದ ಹಾಪ್ಸಿನಲ್ಲಿ ಈ ಕಿಣ್ವ ನಾಶವಾಗುತ್ತದೆ. ಒಣಗಿಸುವ ಗೂಡಿನ ಹದವಾದ ಶಾಖದಲ್ಲಿ ಮಾತ್ರ ಬದುಕಿ ಉಳಿಯುತ್ತದೆ.

ಪೀಪಾಯಿಯ ಕಾಲಕ್ಕೆ ಇದು ಗುಣವೇ ಆಗಿತ್ತು. ಹೆಚ್ಚಾದ ಅನಿಲವನ್ನು ಮರದ ಬೆಣೆ ಸಡಿಲಿಸಿ ಹೊರಗೆ ಬಿಡಬಹುದಿತ್ತು, ಬಿಯರಿಗೆ ಚುರುಕೂ ಬರುತ್ತಿತ್ತು. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಅದೇ ಗುಣ ಅಪಾಯವಾಗುತ್ತದೆ. ಇದನ್ನು ಈಗ ಹಾಪ್ ಕ್ರೀಪ್ ಎನ್ನುತ್ತಾರೆ. ಕೇಲನ್ ಕರ್ಕ್‌ಪ್ಯಾಟ್ರಿಕ್ ಮತ್ತು ಶೆಲ್‌ಹ್ಯಾಮರ್ ಅವರ 2018ರ ಪ್ರಯೋಗದಲ್ಲಿ, ತಯಾರಾದ ಬಿಯರಿಗೆ ಕ್ಯಾಸ್ಕೇಡ್ ಮತ್ತು ಯೀಸ್ಟ್ ಸೇರಿಸಿ 40 ದಿನ ಇಟ್ಟಾಗ ಮದ್ಯಸಾರ ಶೇ. 1.3ರಷ್ಟು ಏರಿತು. ಅಷ್ಟು ಬೇಡ, ಸಾಂದ್ರತೆ 1.012ರಿಂದ 1.008ಕ್ಕೆ ಇಳಿದರೂ ಸಾಕು: ಒಂದು ಲೀಟರ್ ಬಿಯರಿಗೆ ಸುಮಾರು 2 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹೊಸದಾಗಿ ಹುಟ್ಟುತ್ತದೆ. ಬಾಟಲಿಯಲ್ಲಿ ಸಾಮಾನ್ಯವಾಗಿ ಇರಬೇಕಾದ್ದೇ ಸುಮಾರು 2.5 ಲೀಟರ್. ಅದರ ಮೇಲೆ ಇದೂ ಕೂಡಿದರೆ ಬಾಟಲಿ ಒಡೆಯಬಹುದು. ದೊಡ್ಡ ಕಾರ್ಖಾನೆಗಳು ಯೀಸ್ಟ್ ಸೋಸಿ ತೆಗೆಯುತ್ತವೆ, ಬಿಸಿ ಮಾಡುತ್ತವೆ, ಶೀತಲ ಸರಪಳಿಯಲ್ಲಿ ಸಾಗಿಸುತ್ತವೆ. ಮನೆಯ ಬಾಟಲಿಯಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ, ಕೋಣೆಯೂ ಬೆಚ್ಚಗಿರುತ್ತದೆ. ಆದ್ದರಿಂದ ಈ ಸಂಶೋಧನೆಯ ತುರ್ತು ಅಗತ್ಯ ಇರುವುದು ಮನೆಯ ತಯಾರಕರಿಗೇ.

ಮರುಹುದುಗುವಿಕೆಯ ಇನ್ನೊಂದು ಫಲ ಡೈಅಸಿಟೈಲ್, ಅಂದರೆ ಬೆಣ್ಣೆಯ ವಾಸನೆ. ಪತ್ತೆಹಚ್ಚುವುದು ಸುಲಭ. ಒಂದು ಲೋಟ ಬಿಯರನ್ನು ಮುಚ್ಚಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಬಿಸಿ ಮಾಡದ ಇನ್ನೊಂದು ಲೋಟದ ಪಕ್ಕದಲ್ಲಿ ಮೂಸಿ ನೋಡಬೇಕು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಕಂಡರೆ ಯೀಸ್ಟಿನ ಕೆಲಸ ಇನ್ನೂ ಬಾಕಿ ಇದೆ.

ಆಮ್ಲಜನಕದ ಮಾತೂ ಬರಬೇಕು. ಮುಚ್ಚಳ ತೆರೆದು ಹಾಪ್ಸ್ ಸುರಿಯುವ ಗಳಿಗೆಯಲ್ಲೇ ಗಾಳಿ ಒಳಗೆ ಹೋಗುತ್ತದೆ. ಕೆಲವೇ ವಾರಗಳಲ್ಲಿ ಹಣ್ಣಿನ ಪರಿಮಳ ಮಂಕಾಗಿ ಬಣ್ಣ ಕಂದಾಗುತ್ತದೆ. ಹುದುಗುವಿಕೆ ಪೂರ್ತಿ ನಿಲ್ಲುವ ಮೊದಲೇ ಹಾಕಿದರೆ ಒಳಬಂದ ಆಮ್ಲಜನಕವನ್ನು ಯೀಸ್ಟ್ ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಪೆಲೆಟ್‌ಗಳನ್ನು ಒಮ್ಮೆಲೇ ಸುರಿದರೆ ಕರಗಿದ್ದ ಅನಿಲ ನೊರೆಯಾಗಿ ಉಕ್ಕಿ ಪಾತ್ರೆಯಿಂದ ಹೊರಗೆ ಹರಿಯುತ್ತದೆ, ಹಾಗಾಗಿ ಸ್ವಲ್ಪಸ್ವಲ್ಪವಾಗಿಯೇ ಹಾಕಬೇಕು.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಇಲ್ಲಿನ ಓದುಗರು ಡ್ರೈ ಹಾಪಿಂಗ್‌ನ ಫಲವನ್ನು ಬೆಂಗಳೂರಿನ ಪರವಾನಗಿ ಪಡೆದ ಬ್ರೂಪಬ್‌ಗಳಲ್ಲಿ ಸವಿಯಬಹುದು. ಅನುಮತಿ ಇರುವ ದೇಶಗಳಲ್ಲಿ ಮನೆಯಲ್ಲೇ ತಯಾರಿಸುವ ಕನ್ನಡಿಗರು ಮಾತ್ರ ಹಳೆಯ ಕೈಪಿಡಿಯ ಸೂಚನೆಯನ್ನು ಬಿಡಬೇಕು. ಹಾಪ್ಸ್ ಹಾಕಿದ ನಂತರ ಮೂರು ದಿನದ ಅಂತರದಲ್ಲಿ ಎರಡು ಸಲ ಹೈಡ್ರೋಮೀಟರ್ ಇಳಿಸಿ ಸಾಂದ್ರತೆ ನೋಡಿ. ಎರಡೂ ಅಂಕಿ ಒಂದೇ ಆಗಿದ್ದು, ಬೆಣ್ಣೆಯ ವಾಸನೆಯೂ ಇಲ್ಲವಾದರೆ ಬಾಟಲಿಗೆ ತುಂಬಿ. ಇಳಿಯುತ್ತಿದ್ದರೆ ಇನ್ನೂ ಕಾಯಿರಿ.