ಯೀಸ್ಟಿನಲ್ಲಿ ಸೆಲೆನಿಯಮ್: ಒಂದು ಪರೀಕ್ಷಾವಿಧಾನದ ಚರಿತ್ರೆ

ಚೌಳಹಿರಿಯೂರನ್ನು ಒಳಗೊಂಡ ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲು ಬಹುಕಾಲದಿಂದ ಅಮೃತಮಹಲ್ ರಾಸುಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಇಲಾಖೆಯ ವ್ಯವಸ್ಥೆಯಲ್ಲಿ ಹುಲ್ಲುಗಾವಲುಗಳು ಬೇಸಿಗೆಯ, ಮಳೆಗಾಲದ, ಚಳಿಗಾಲದ ಕಾವಲುಗಳೆಂದು ವಿಂಗಡಣೆಯಾಗಿದ್ದು, ಹಿಂಡುಗಳು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಮೇವು ಮತ್ತು ನೀರಿನ ಲಭ್ಯತೆಯೇ ಈ ಸಾಗಾಟಕ್ಕೆ ಕಾರಣವಾಗಿದ್ದರೂ, ವರ್ಷವಿಡೀ ಒಂದೇ ನೆಲದ ಹುಲ್ಲನ್ನು ತಿನ್ನದ ರಾಸಿಗೆ ಬೇರೆ ಬೇರೆ ಮಣ್ಣಿನ ಖನಿಜಾಂಶಗಳೂ ದೊರೆಯುವ ಅವಕಾಶ ಅದರಲ್ಲಿತ್ತು. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ದೇಹಕ್ಕೆ ಸಾಗುವ ಖನಿಜವು ಯಾವ ರಾಸಾಯನಿಕ ರೂಪದಲ್ಲಿ ಸಾಗುತ್ತದೆ ಎಂಬುದು ಮಾತ್ರ ಇಪ್ಪತ್ತನೆಯ ಶತಮಾನದ ಪ್ರಶ್ನೆ, ಮತ್ತು ಅದು ಅತ್ಯಂತ ತೀಕ್ಷ್ಣವಾಗಿ ಎದುರಾದದ್ದು ಸೆಲೆನಿಯಮ್ ಎಂಬ ಧಾತುವಿನ ವಿಷಯದಲ್ಲಿ.

1817ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್, ಫಾಲುನ್ ಗಣಿಯ ಅದಿರನ್ನು ಬಳಸುತ್ತಿದ್ದ ಗಂಧಕಾಮ್ಲದ ಕಾರ್ಖಾನೆಯೊಂದರ ಕೆಸರಿನಲ್ಲಿ ಈ ಧಾತುವನ್ನು ಗುರುತಿಸಿದನು. ನೂರು ವರ್ಷಕ್ಕೂ ಮಿಕ್ಕಿ ಅದು ವಿಷವೆಂದೇ ಹೆಸರಾಗಿತ್ತು. ಅಮೆರಿಕದ ಸೌತ್ ಡಕೋಟದಲ್ಲಿ ದನಗಳ ಗೊರಸು ಬಿರಿದು ಬಾಲದ ಕೂದಲು ಉದುರುತ್ತಿದ್ದ ರೋಗಕ್ಕೆ ಚೌಳು ನೀರೇ ಕಾರಣವೆಂದು ಅಲ್ಲಿನ ರೈತರು ನಂಬಿದ್ದರು. 1930ರ ದಶಕದ ಸಂಶೋಧನೆ ತಪ್ಪು ನೀರಿನದಲ್ಲ, ಮಣ್ಣಿನಿಂದ ಮೇವಿಗೆ ಸೇರಿದ ಸೆಲೆನಿಯಮ್ಮಿನದು ಎಂದು ತೋರಿಸಿತು. ಪಂಜಾಬಿನ ಹೋಶಿಯಾರ್‌ಪುರ ಮತ್ತು ನವಾನ್‌ಶಹರ ಭಾಗಗಳಲ್ಲಿಯೂ ಇಂಥ ನೆಲವಿದೆ.

ವಿಷವೇ ಪೋಷಕವೂ ಹೌದೆಂಬುದು ಬೆಳಕಿಗೆ ಬಂದದ್ದು ಯೀಸ್ಟಿನ ಮೂಲಕ. 1957ರಲ್ಲಿ ಕ್ಲಾಸ್ ಶ್ವಾರ್ಟ್ಸ್ ಮತ್ತು ಕ್ಯಾಲ್ವಿನ್ ಫೋಲ್ಟ್ಸ್, ಟೊರುಲಾ ಎಂಬ ಯೀಸ್ಟನ್ನು ಪ್ರೋಟೀನಿನ ಆಧಾರವಾಗಿ ತಿಂದ ಇಲಿಗಳ ಯಕೃತ್ತು ಕೊಳೆತು ಅವು ಸಾಯುವುದನ್ನೂ, ಬಿಯರ್ ತಯಾರಿಕೆಯ ಯೀಸ್ಟ್ ತಿಂದವು ಪಾರಾಗುವುದನ್ನೂ ಆಧರಿಸಿ, ಎರಡನೆಯದರಲ್ಲಿದ್ದ ರಕ್ಷಕವಸ್ತು ಸೆಲೆನಿಯಮ್ ಎಂದು ಪ್ರಕಟಿಸಿದರು. 1973ರಲ್ಲಿ, ಜೀವಕೋಶವನ್ನು ಪೆರಾಕ್ಸೈಡುಗಳ ಹಾನಿಯಿಂದ ಕಾಯುವ ಗ್ಲುಟಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದಲ್ಲಿ ಈ ಧಾತು ಇದೆಯೆಂಬುದು ಖಚಿತವಾಯಿತು.

ಸೆಲೆನಿಯಮ್ಮನ್ನು ಬೇಕೆಂದೇ ತುಂಬಿಸಿದ ಯೀಸ್ಟು ಪೂರಕ ಆಹಾರವಾಗಿ ಬಂದದ್ದು ಇದರ ಬಳಿಕ. ಕಾಕಂಬಿಯ ದ್ರವದಲ್ಲಿ ಗಂಧಕದ ಅಂಶವನ್ನು ಮಿತಿಯಲ್ಲಿಟ್ಟು, ಸೋಡಿಯಮ್ ಸೆಲೆನೈಟನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಯೀಸ್ಟನ್ನು ಬೆಳೆಸಿದರೆ, ಗಂಧಕಕ್ಕೂ ಸೆಲೆನಿಯಮ್ಮಿಗೂ ಹೆಚ್ಚು ಭೇದವೆಣಿಸದ ಆ ಜೀವಕೋಶವು ಮೆಥಿಯೊನೈನ್ ಎಂಬ ಅಮೈನೋ ಆಮ್ಲದಲ್ಲಿ ಗಂಧಕದ ಜಾಗಕ್ಕೆ ಸೆಲೆನಿಯಮ್ಮನ್ನು ಕೂರಿಸಿ, ಹೀಗೆ ಉಂಟಾದ ಸೆಲೆನೋಮೆಥಿಯೊನೈನನ್ನು ತನ್ನ ಪ್ರೋಟೀನುಗಳೊಳಗೆ ಹೆಣೆದುಕೊಳ್ಳುತ್ತದೆ. ಆದರೆ ಒಣಗಿಸಿದ ಯೀಸ್ಟಿಗೆ ಅಗ್ಗದ ಸೆಲೆನೈಟನ್ನು ಸುಮ್ಮನೆ ಬೆರೆಸಿದರೂ ಒಟ್ಟು ಸೆಲೆನಿಯಮ್ಮಿನ ಲೆಕ್ಕ ಅಷ್ಟೇ ಬರುತ್ತದೆ. ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ ಕರಗಿಸುವ ರೂಢಿಯ ಪರೀಕ್ಷೆಯು ಎಲ್ಲ ರೂಪಗಳನ್ನೂ ಒಡೆದುಹಾಕುವುದರಿಂದ, ಬೆಳೆಸಿದ್ದು ಯಾವುದು, ಬೆರೆಸಿದ್ದು ಯಾವುದು ಎಂದು ಅದು ಹೇಳಲಾರದು.

ಆದ್ದರಿಂದ ರೂಪಗಳನ್ನೇ ಬೇರ್ಪಡಿಸಿ ಅಳೆಯುವ ಪರೀಕ್ಷೆ ಬೇಕಾಯಿತು; ಅವನ್ನು ಕೆಡಿಸದೆ ಹೊರತೆಗೆಯುವುದೇ ಅದರ ಕಠಿಣ ಭಾಗ. ಬಿಸಿನೀರು ಸಣ್ಣ ಪಾಲನ್ನಷ್ಟೇ ಬಿಡಿಸುತ್ತದೆ. ಉಳಿದದ್ದು ಪ್ರೋಟೀನಿನಲ್ಲಿ ಸೆರೆಯಾಗಿರುತ್ತದೆ. ಆದ್ದರಿಂದ ಪ್ರೋಟೀನನ್ನು ತುಂಡರಿಸುವ ಪ್ರೋಟಿಯೇಸ್ ಕಿಣ್ವವನ್ನು ಸೇರಿಸಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಒಂದು ದಿನ ಕಲಕುತ್ತಿಟ್ಟು, ಬಿಡುಗಡೆಯಾದ ಅಮೈನೋ ಆಮ್ಲಗಳು ಗಾಳಿಯ ಆಮ್ಲಜನಕ ತಗುಲಿ ಕೆಡದಂತೆ ಕಾಯ್ದುಕೊಳ್ಳಬೇಕಾಗುತ್ತದೆ. ಆ ದ್ರಾವಣವನ್ನು ದ್ರವ ಕ್ರೊಮ್ಯಾಟೋಗ್ರಫಿಯ ಕೊಳವೆಯ ಮೂಲಕ ಹರಿಸಿದಾಗ, ಸೆಲೆನೈಟ್, ಸೆಲೆನೋಮೆಥಿಯೊನೈನ್ ಮೊದಲಾದವು ಬೇರೆಬೇರೆ ಹೊತ್ತಿಗೆ ಹೊರಬೀಳುತ್ತವೆ. ಹೊರಬಿದ್ದುದನ್ನು ಅಳೆಯುವ ಐಸಿಪಿ-ಎಂಎಸ್, ಅಂದರೆ ಸಾವಿರಾರು ಡಿಗ್ರಿಯ ಆರ್ಗಾನ್ ಪ್ಲಾಸ್ಮಾದಲ್ಲಿ ಪರಮಾಣುಗಳನ್ನು ಅಯಾನುಗಳಾಗಿಸಿ ತೂಕಕ್ಕನುಗುಣವಾಗಿ ಎಣಿಸುವ ಉಪಕರಣದ ಮೊದಲ ವರದಿ 1980ರಲ್ಲಿ ಅಮೆರಿಕದ ಏಮ್ಸ್‌ನಿಂದ ಬಂದಿತು. ಅಲ್ಲಿಯೂ ಒಂದು ತೊಡಕಿತ್ತು: ಸೆಲೆನಿಯಮ್ಮಿನಲ್ಲಿ ಅತಿ ಹೇರಳವಾದ ಐಸೊಟೋಪಿನ ದ್ರವ್ಯರಾಶಿ 80, ಜೋಡಿಯಾದ ಎರಡು ಆರ್ಗಾನ್ ಪರಮಾಣುಗಳದೂ 80. ವಿಶ್ಲೇಷಕರು 78 ಅಥವಾ 82ರತ್ತ ತಿರುಗಬೇಕಾಯಿತು, ಇಲ್ಲವೇ ಹೈಡ್ರೋಜನ್ ತುಂಬಿದ ಕೋಶದಲ್ಲಿ ಆ ಆರ್ಗಾನ್ ಜೋಡಿಯನ್ನು ಒಡೆಯಬೇಕಾಯಿತು. ಪ್ರಯೋಗಾಲಯಗಳ ಫಲಿತಾಂಶಗಳನ್ನು ಹೋಲಿಸಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಸೆಲ್ಮ್-1 ಎಂಬ ಪ್ರಮಾಣಿತ ಯೀಸ್ಟನ್ನು ಸಿದ್ಧಪಡಿಸಿತು. ಅದರ ಕಿಲೋಗ್ರಾಮಿನಲ್ಲಿ ಸುಮಾರು 2,000 ಮಿಲಿಗ್ರಾಮ್ ಸೆಲೆನಿಯಮ್ ಇದ್ದು, ಅದರ ಸರಿಸುಮಾರು ಮೂರನೇ ಎರಡು ಪಾಲು ಸೆಲೆನೋಮೆಥಿಯೊನೈನ್ ರೂಪದಲ್ಲಿದೆ.

ಈ ಶ್ರಮ ಪಾಂಡಿತ್ಯಕ್ಕಷ್ಟೇ ಸೀಮಿತವಲ್ಲ. ದಿನಕ್ಕೆ 200 ಮೈಕ್ರೋಗ್ರಾಮ್ ಸೆಲೆನಿಯಮ್ಮನ್ನು ಯೀಸ್ಟಿನ ಮೂಲಕ 1,312 ಜನರ ಮೇಲೆ ಪರೀಕ್ಷಿಸಿದ ಅಮೆರಿಕದ ಅಧ್ಯಯನವು 1996ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆಯಾದುದನ್ನು ವರದಿಮಾಡಿತು. ಅಷ್ಟೇ ಪ್ರಮಾಣವನ್ನು ಶುದ್ಧ ಸೆಲೆನೋಮೆಥಿಯೊನೈನಾಗಿ ನೀಡಿ, 35,000ಕ್ಕೂ ಹೆಚ್ಚು ಪುರುಷರನ್ನು ಒಳಗೊಂಡ ಸೆಲೆಕ್ಟ್ ಎಂಬ ಪ್ರಯೋಗವು ಪ್ರಯೋಜನ ಕಾಣದೆ 2008ರಲ್ಲಿ ನಿಂತಿತು. ಎರಡನೆಯ ಗುಂಪಿನ ದೇಹದಲ್ಲಿ ಸೆಲೆನಿಯಮ್ ಮೊದಲೇ ಸಾಕಷ್ಟಿದ್ದುದು ಒಂದು ವಿವರಣೆಯಾದರೆ, ನೀಡಿದ ರೂಪದ ವ್ಯತ್ಯಾಸ ಇನ್ನೊಂದು. ಯೀಸ್ಟಿನೊಳಗೆ ಏನೇನಿದೆಯೆಂದು ತಿಳಿಯದೆ ಈ ಚರ್ಚೆಯನ್ನು ಮುಂದುವರಿಸುವಂತಿರಲಿಲ್ಲ. ಐರೋಪ್ಯ ಒಕ್ಕೂಟವು 2009ರ ನಿಯಮದಲ್ಲಿ ಯೀಸ್ಟಿನಿಂದ ಹೊರತೆಗೆದ ಸೆಲೆನಿಯಮ್ಮಿನ ಶೇ. 60ರಿಂದ 85ರಷ್ಟು ಸೆಲೆನೋಮೆಥಿಯೊನೈನ್ ಆಗಿರಬೇಕೆಂದೂ, ಸೆಲೆನೈಟಿನಂಥ ನಿರವಯವ ರೂಪವು ಸಾಮಾನ್ಯವಾಗಿ ಶೇ. 1ನ್ನು ಮೀರಬಾರದೆಂದೂ ವಿಧಿಸಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವಯಸ್ಕರಿಗೆ ಸೂಚಿಸಿರುವ ಸೆಲೆನಿಯಮ್ ದಿನಕ್ಕೆ 40 ಮೈಕ್ರೋಗ್ರಾಮ್ ಮಾತ್ರ. ಔಷಧದಂಗಡಿಯ ಪೂರಕವನ್ನಾಗಲಿ, ರಾಸುಗಳ ಖನಿಜ ಮಿಶ್ರಣವನ್ನಾಗಲಿ ಕೊಳ್ಳುವವರು, ಕಡೂರು ಬಯಲಿನ ರೈತರೂ ಸೇರಿದಂತೆ, ಚೀಟಿಯ ಮೇಲೆ ಮೈಕ್ರೋಗ್ರಾಮುಗಳ ಪಕ್ಕದಲ್ಲಿ ರೂಪದ ಹೆಸರನ್ನೂ ಕೇಳಿ ಪಡೆಯಬೇಕು.